ಹನ್ನೆರಡು ಮೀಟರ್ ಆಳದ ತಮಾಷೆ

ಮಾರ್ಚ್ 3

ಪರಮಪೂಜ್ಯ ಮೇಷ್ಟ್ರ ಪಾದಾರವಿಂದಗಳಿಗೆ (ಕಾಲಿಗೆ ತೊಡುವ ಎರಡೂ ಈಜು-ಫಿನ್ ಸಹಿತ),

ವಿಷಯ: ಕ್ಷಮೆ ಕೋರಿ ಮನವಿ.
ಉಲ್ಲೇಖ: ಫೆಬ್ರವರಿ 26ರ ಬೆಳಿಗ್ಗೆ ದೋಣಿಯಲ್ಲಿ ತಾವು ನನ್ನತ್ತ ಬೀರಿದ ನೋಟ.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ಈ ಕೆಳಗೆ ಸಹಿ ಮಾಡಿರುವ ಅಪರಾಧಿಯಾದ ನಾನು, ವಯಸ್ಸು ಇಪ್ಪತ್ತಮೂರು, ತಮ್ಮ ಡೈವಿಂಗ್ ಶಾಲೆಯ ಈ ಸಾಲಿನ ವಿದ್ಯಾರ್ಥಿನಿ, ತಮ್ಮ ಬಾಯಿಂದಲೇ ‘ಕಪಿ’ ಎಂದು ನಾಮಕರಣಗೊಂಡವಳು, ವಿನಯಪೂರ್ವಕವಾಗಿ ಅರಿಕೆ ಮಾಡಿಕೊಳ್ಳುವುದೇನೆಂದರೆ:

ಸದರಿ ದಿನ ನಾನು ಹನ್ನೆರಡು ಮೀಟರ್ ಆಳದಲ್ಲಿ, ಮರಳಿನ ಮೇಲೆ, ದೋಣಿಯಿಂದ ಇಳಿಬಿಟ್ಟ ಹಗ್ಗದ ಪಕ್ಕ ಮಂಡಿಯೂರಿ ಕೂತಿದ್ದೆ. ತಾವು ನನಗಿಂತ ಆರು ಮೀಟರ್ ಮೇಲೆ, ಕಿವಿ ಕಟ್ಟಿಕೊಂಡಿದ್ದ ಇನ್ನೊಬ್ಬ ವಿದ್ಯಾರ್ಥಿ, ಬ್ಯಾಂಕ್ ಗುಮಾಸ್ತರ ಜೊತೆ ಇದ್ದಿರಿ. ನಾನು ತಮ್ಮತ್ತ ನೋಡಿ ಕತ್ತಿನ ಅಡ್ಡ ಕೈ ಎಳೆದೆ. ಅದರರ್ಥ ‘ಗಾಳಿ ಇಲ್ಲ’ ಎಂದು ತಾವೇ ಮೊದಲ ಪಾಠದಲ್ಲಿ ಕಲಿಸಿದ್ದು. ತಾವು ತಲೆ ಕೆಳಗಾಗಿ ಬಾಣದ ಹಾಗೆ ಬಂದಿರಿ. ಗಾಳಿ ಎಳೆದುಕೊಳ್ಳುವ ತಮ್ಮ ಬದಲಿ ರೆಗ್ಯುಲೇಟರನ್ನು ನನ್ನ ಬಾಯಿಗೆ ತುರುಕಿದಿರಿ. ನನ್ನ ತೋಳು ಹಿಡಿದು ಮೇಲೆ ತಂದಿರಿ. ದೋಣಿ ಹತ್ತಿದ ಮೇಲೆ ನೋಡಿದರೆ ನನ್ನ ಸಿಲಿಂಡರಿನಲ್ಲಿ ಅರ್ಧಕ್ಕಿಂತ ಹೆಚ್ಚು ಗಾಳಿ ಇತ್ತು.

ಆಗ ನಾನು, “ಹೇಗಿತ್ತು ಮೇಷ್ಟ್ರೇ ನನ್ನ ನಟನೆ?” ಎಂದೆ.

ಗುಮಾಸ್ತರು ನಕ್ಕರು. ದೋಣಿಯವನು ನಕ್ಕ. ತಾವು ನಗಲಿಲ್ಲ. ತಮ್ಮ ಎಡಗಿವಿಯಿಂದ ರಕ್ತ ಇಳಿಯುತ್ತಿತ್ತು.

ಕಿವಿಯ ತಮಟೆ ಹರಿದಿದೆ, ಎರಡು ಮೂರು ತಿಂಗಳು ನೀರಿಗಿಳಿಯುವಂತಿಲ್ಲ ಎಂದು ಡಾಕ್ಟರು ಹೇಳಿದ್ದಾರಂತೆ. ಇದನ್ನು ದೋಣಿಯವನಿಂದ ತಿಳಿದೆ. ಶಾಲೆಯ ಗೇಟಿನಲ್ಲಿ ನನ್ನನ್ನು ಒಳಗೆ ಬಿಡಬಾರದೆಂಬ ತಮ್ಮ ಆಜ್ಞೆಯನ್ನೂ ಅವನಿಂದಲೇ ತಿಳಿದೆ. ಹೇಳುವಾಗ ಅವನ ಮುಖದಲ್ಲಿ ನಗು ಇರಲಿಲ್ಲ.

ಇದಕ್ಕೂ ಹಿಂದೆ ತಮ್ಮ ಫಿನ್ನಿನೊಳಗೆ ರಬ್ಬರ್ ಆಕ್ಟೋಪಸ್ ಇಟ್ಟವಳು ನಾನೇ. ಶಾಲೆಯ ಬೋರ್ಡಿನಲ್ಲಿ ‘ಇಂದು ಸಮುದ್ರಕ್ಕೆ ರಜೆ’ ಎಂದು ಬರೆದು ಇಬ್ಬರು ವಿದ್ಯಾರ್ಥಿಗಳನ್ನು ಮನೆಗೆ ಕಳಿಸಿದವಳೂ ನಾನೇ. ಅವೆರಡಕ್ಕೂ ತಾವು ನನ್ನ ಕೈಯಲ್ಲಿ ಮೂವತ್ತು ಸಿಲಿಂಡರ್ ತೊಳೆಸಿ ಬಿಟ್ಟಿದ್ದಿರಿ. ಈ ಸಲ ಮುನ್ನೂರು ತೊಳೆಯುತ್ತೇನೆ. ಸಮುದ್ರವನ್ನೇ ಬೇಕಾದರೂ ತೊಳೆಯುತ್ತೇನೆ.

ಮೇಷ್ಟ್ರೇ, ನಾಲ್ಕು ಡೈವ್ ಮುಗಿದರೆ ಡೈವರ್ ಕಾರ್ಡು. ನನ್ನದು ಮೂರು ಮುಗಿದಿವೆ. ಏಪ್ರಿಲ್ 20ಕ್ಕೆ ನನಗೆ ಕೆಲಸ ಸಿಕ್ಕಿರುವ ಸರ್ವೆ ಹಡಗು ಹೊರಡುತ್ತದೆ. ಸಮುದ್ರದ ತಳದ ಹುಲ್ಲನ್ನು ಚೌಕ ಚೌಕವಾಗಿ ಎಣಿಸುವ ಕೆಲಸ. ಕಾರ್ಡು ಕೈಯಲ್ಲಿದ್ದರೆ ಮಾತ್ರ ಹಡಗು ಹತ್ತಿಸುತ್ತಾರೆ. ಒಂದು ಡೈವ್, ಒಂದು ಸಹಿ. ತಾವು ಇಳಿಯಲಾಗದಿದ್ದರೆ ಬೇರೆಯವರ ಬಳಿ ಮುಗಿಸಲು ಒಂದು ಸಾಲು ಬರೆದುಕೊಟ್ಟರೂ ಸಾಕು.

ಸದರಿ ಮನವಿಯನ್ನು ಸಹಾನುಭೂತಿಯಿಂದ ಪರಿಶೀಲಿಸಬೇಕಾಗಿ ಪ್ರಾರ್ಥನೆ.

ತಮ್ಮ ವಿಧೇಯ (ಇಂದಿನಿಂದ),
ಕಪಿ


ಮಾರ್ಚ್ 9

ಕಪಿ,

ನಿನ್ನ ಕಾಗದ ಬಂತು. ನಮ್ಮವರು ಓದಿ ಮೇಜಿನ ಮೇಲೆ ಬೋರಲು ಇಟ್ಟಿದ್ದಾರೆ. “ಉತ್ತರ ಬರೀರಿ” ಎಂದೆ. “ಬರೆಯೋಕೆ ಏನಿದೆ?” ಎಂದರು. ಅದಕ್ಕೆ ನಾನು ಬರೆಯುತ್ತಿದ್ದೇನೆ. ಹೆಂಡತಿಯಾಗಿ ಅಲ್ಲ, ನಿಮ್ಮೆಲ್ಲರ ಸಿಲಿಂಡರ್ ತುಂಬುವವಳಾಗಿ.

ಫೋನ್ ಮಾಡಬೇಡ. ಅವರ ಎಡಗಿವಿಯಲ್ಲಿ ದಿನವಿಡೀ ಕುಕ್ಕರ್ ಕೂಗಿದ ಹಾಗೆ ಆಗುತ್ತಂತೆ. ಫೋನಿನ ಗಂಟೆ ಕೇಳಿದರೆ ಸಿಡುಕುತ್ತಾರೆ. ಹೋದ ವಾರ ಎದ್ದು ನಿಂತವರು ಗೋಡೆ ಹಿಡಿದುಕೊಂಡರು, ನೆಲ ತಿರುಗಿತಂತೆ. ಸಮುದ್ರದ ಮೇಲೆ ಎಂತೆಂಥ ಅಲೆಯಲ್ಲೂ ಅಲ್ಲಾಡದ ಮನುಷ್ಯ, ನಮ್ಮನೆ ಹಜಾರದಲ್ಲಿ ತೂರಾಡಿದರು.

ನಿನ್ನ ಮೇಲೆ ನನಗೂ ಸಿಟ್ಟಿದೆ. ಬಚ್ಚಿಡುವುದಿಲ್ಲ. ಆದರೆ ಆ ವಾರವೇ ಸರಿ ಇರಲಿಲ್ಲ. ಆ ದಿನಕ್ಕೆ ಮೂರು ದಿನ ಮೊದಲಿನಿಂದ ಬೆಳಿಗ್ಗೆ ಸಂಜೆ ಅವರಿಗೆ ಹಬೆ ಹಿಡಿಸಿ ಹಿಡಿಸಿ ನನ್ನ ಪಾತ್ರೆಯ ತಳವೇ ಕಪ್ಪಾಯಿತು. ಆ ದಿನ ಹೋಗಬೇಡಿ ಎಂದೆ. ಕೇಳುವ ಜಾತಿಯೇ ಅದು?

ಮನೆಗೆ ಹೋಗು. ಸ್ವಲ್ಪ ದಿನ ಬಿಡು.

ಇಂತಿ,
ಮೇಷ್ಟ್ರ ಮನೆಯವಳು


ಮಾರ್ಚ್ 12

ಮಾನ್ಯ ಮೇಷ್ಟ್ರಿಗೆ,

ವಿಷಯ: ನೆನಪೋಲೆ.
ಉಲ್ಲೇಖ: ಮೇಜಿನ ಮೇಲೆ ಬೋರಲು ಮಲಗಿರುವ ನನ್ನ ಹಿಂದಿನ ಪತ್ರ. ಪಾಪ, ಅದಕ್ಕೆ ಉಸಿರು ಕಟ್ಟುತ್ತಿರಬಹುದು, ದಯವಿಟ್ಟು ಮಗುಚಿ ಹಾಕಿ.

ಮನೆಗೆ ಹೋಗು ಎಂದು ತಮ್ಮ ಮನೆಯ ಅಮ್ಮ ಬರೆದಿದ್ದಾರೆ. ಹೇಗೆ ಹೋಗಲಿ? ನಮ್ಮಪ್ಪ ಗಡಿಯಾರ ರಿಪೇರಿ ಮಾಡುವವರು. ಬೀದಿಯ ಗಡಿಯಾರಗಳೆಲ್ಲ ಒಂದಲ್ಲ ಒಂದು ದಿನ ಅವರ ಮುಂದೆ ಬಂದು ಕೂರುತ್ತವೆ, ಜೊತೆಗೆ ಅವುಗಳ ಯಜಮಾನರೂ. ಬಂದವರಿಗೆಲ್ಲ ಅಪ್ಪ, ಕಣ್ಣಿಗೆ ಸಿಕ್ಕಿಸಿದ ಗಾಜನ್ನೂ ತೆಗೆಯದೆ, “ನಮ್ಮ ಚಿಕ್ಕವಳು ಹಡಗಿಗೆ ಹೋಗ್ತಾಳೆ, ಗೊತ್ತಾ?” ಎನ್ನುತ್ತಿದ್ದಾರಂತೆ. ಹಿಂದೆ ಎರಡು ಕಡೆ ಕೆಲಸದಿಂದ ನನ್ನನ್ನು ತೆಗೆದಿದ್ದು ತಮಾಷೆ ಮಾಡಿದ್ದಕ್ಕೆ. ಮೊದಲನೇ ಕಡೆ ಮ್ಯಾನೇಜರರ ಕುರ್ಚಿಗೆ ‘ಮಾರಾಟಕ್ಕಿದೆ’ ಚೀಟಿ ಅಂಟಿಸಿದ್ದೆ. ಎರಡನೆಯದು ಬೇಡ, ತಾವು ಹಿರಿಯರು. ಆಗೆಲ್ಲ ಅಪ್ಪ ಗಾಜು ತೆಗೆದು ಒರೆಸಿಕೊಂಡು ಮತ್ತೆ ಹಾಕಿಕೊಂಡರು. ಅದೊಂದನ್ನು ನಾನು ನೋಡಬಾರದಿತ್ತು.

ಈ ಕೆಲಸ ಹಾಗಲ್ಲ ಮೇಷ್ಟ್ರೇ. ನಗದೆ ಬಯಸಿದ್ದು ನಾನು ಇದೊಂದನ್ನೇ.

ಈ ತೀರದ ಉದ್ದಕ್ಕೂ ಇರುವ ಬೇರೆ ಮೂರು ಡೈವಿಂಗ್ ಶಾಲೆಗಳ ಬಾಗಿಲು ತಟ್ಟಿದೆ. ಮೊದಲನೆಯವರು ಹೆಸರು ಕೇಳಿದ ಕೂಡಲೇ, “ಓ, ಗಾಳಿ ಇಲ್ಲ ಅಂದವಳು ನೀನೇನಾ?” ಎಂದರು. ಎರಡನೆಯವರು ಕೇಳಲೂ ಇಲ್ಲ, ಕತ್ತಿನ ಅಡ್ಡ ಕೈ ಎಳೆದು ತೋರಿಸಿ ಬಾಗಿಲು ಹಾಕಿದರು. ಮೂರನೆಯವರು ಕೊಲ್ಲಿಯ ಆಚೆ ದಡದ ಮೇಡಂ, ತಮ್ಮ ಹಳೆಯ ಸಹಪಾಠಿಯಂತೆ. “ನಿನ್ನ ಮೇಷ್ಟ್ರು ಬರೆದುಕೊಟ್ಟರೆ ನೋಡೋಣ. ಅವರ ಕಾಗದ ಇಲ್ದೆ ಈ ಕಡೆ ತಲೆ ಹಾಕ್ಬೇಡ” ಎಂದರು. ಅಷ್ಟು ಹೇಳಿದ್ದೇ ನನಗೆ ಪಾಯಸ ಉಂಡಷ್ಟಾಯಿತು.

ಇನ್ನು ಮೂವತ್ತೊಂಬತ್ತು ದಿನ. ನನ್ನ ಬಾಡಿಗೆ ಕೋಣೆಯಲ್ಲಿ ಮಂಚ, ಬಕೆಟ್ಟು, ನಾನು. ಗೋಡೆಗೆ ಡೈವಿಂಗ್ ಸೂಟು ನೇತುಹಾಕಿದ್ದೇನೆ. ಬಾಗಿಲು ತೆರೆದಾಗಲೆಲ್ಲ ಯಾರೋ ತಲೆ ಇಲ್ಲದವರು ಕಾಯುತ್ತಿರುವ ಹಾಗೆ ಕಾಣುತ್ತದೆ. ಅದು ನಾನೇ ಇರಬೇಕು.

ದಯಮಾಡಿ.

ಅದೇ ಅಪರಾಧಿ,
ಕಪಿ


ಮಾರ್ಚ್ 19

ಕಪಿಗೆ,

ಎರಡು ಪತ್ರ ಓದಿದೆ. ನಿನ್ನ ಬರವಣಿಗೆ ಚೆನ್ನಾಗಿದೆ. ಅದರಿಂದ ಏನೂ ಆಗುವುದಿಲ್ಲ.

ನಾನು ಕಲಿಸಲು ಶುರು ಮಾಡಿ ಇಪ್ಪತ್ತೆರಡು ವರ್ಷ. ನೀರಿನ ಕೆಳಗೆ ನಾಲಿಗೆ ಕೆಲಸಕ್ಕೆ ಬರುವುದಿಲ್ಲ, ಕೈಯೇ ನಾಲಿಗೆ. ಆ ಕೈ ಒಂದು ಸಲ ಸುಳ್ಳು ಹೇಳಿತೆಂದರೆ, ಮುಂದಿನ ಸಲ ನೋಡುವವನು ಅರ್ಧ ಸೆಕೆಂಡು ಯೋಚಿಸುತ್ತಾನೆ. ಆ ಅರ್ಧ ಸೆಕೆಂಡಿನಲ್ಲಿ ಮನುಷ್ಯ ಸಾಯುತ್ತಾನೆ. ಹುಲ್ಲು ಎಣಿಸುವ ಹಡಗಿನಲ್ಲಿ ನಿನ್ನ ಜೊತೆ ಇನ್ನೊಬ್ಬ ಇಳಿಯುತ್ತಾನಲ್ಲ, ಅವನ ಮನೆಯವರಿಗೆ ನಾನು ಏನು ಹೇಳಲಿ?

ಆದ್ದರಿಂದ ಸಹಿ ಇಲ್ಲ. ಆಚೆ ದಡಕ್ಕೆ ಕಾಗದವೂ ಇಲ್ಲ.

ಈ ವಿಷಯದಲ್ಲಿ ನಿನಗೆ ಬೇರೆ ಏನಾದರೂ ಹೇಳುವುದಿದ್ದರೆ ಬರೆ. ಇದೇ ಹಾಡಾದರೆ ಬರೆಯಬೇಡ.

ನಿನ್ನ ಶಿಕ್ಷಕ (ಫೆಬ್ರವರಿ 26ರವರೆಗೆ)


ಮಾರ್ಚ್ 23

ಕಾನೂನುಬದ್ಧ ನೋಟಿಸು

ನನ್ನ ಕಕ್ಷಿದಾರಳಾದ ನನ್ನ ಸೂಚನೆಯ ಮೇರೆಗೆ, ನಾನು ತಮಗೆ ತಿಳಿಯಪಡಿಸುವುದೇನೆಂದರೆ:

ತಮ್ಮ ಶಾಲೆಯ ಗೋಡೆಯ ಮೇಲೆ, ಬಾಗಿಲಿನ ಬಲಗಡೆ, ಆಳೆತ್ತರದ ಅಕ್ಷರಗಳಲ್ಲಿ, ‘ನೆಗಡಿ ಇದ್ದವರು ನೀರಿಗಿಳಿಯಬಾರದು’ ಎಂದು ಬರೆದಿದೆ. ಮೂಗು ಕಟ್ಟಿದ್ದರೆ ಕಿವಿಯೊಳಗಿನ ಒತ್ತಡ ಸರಿಹೋಗುವುದಿಲ್ಲ, ತಮಟೆ ಹರಿಯುತ್ತದೆ ಎಂದು ತಾವೇ ಬಲೂನು ಒಡೆದು ತೋರಿಸಿದ್ದಿರಿ. ಬಲೂನು ಊದಿಕೊಟ್ಟವಳು ನಾನು.

ಹೀಗಿರುವಾಗ, ಫೆಬ್ರವರಿ 26ಕ್ಕೆ ಮೂರು ದಿನ ಮೊದಲಿನಿಂದಲೂ ತಮ್ಮ ಮನೆಯಲ್ಲಿ ಹಬೆಯ ಪಾತ್ರೆ ಒಲೆಯಿಂದ ಇಳಿದಿರಲಿಲ್ಲ ಎಂಬ ವಿಶ್ವಸನೀಯ ಮಾಹಿತಿ ನನ್ನ ಕಕ್ಷಿದಾರಳಿಗೆ ಲಭ್ಯವಾಗಿದೆ. ಅಂದರೆ ಆ ಕಿವಿ ಹರಿದದ್ದು ನನ್ನ ಕೈಯಿಂದಲೋ ತಮ್ಮ ಮೂಗಿನಿಂದಲೋ ಎಂಬುದು ವಿಚಾರಣೆಗೆ ಒಳಪಡಬೇಕಾದ ಸಂಗತಿ.

ಶಿಕ್ಷಕರಿಗೆ ಪರವಾನಗಿ ಕೊಡುವ ಸಂಘದ ವಿಳಾಸ ನನ್ನ ಬಳಿ ಇದೆ. ಏಳು ದಿನದೊಳಗೆ ಆಚೆ ದಡದ ಮೇಡಂಗೆ ಕಾಗದ ಹೋಗದಿದ್ದರೆ ಸಂಘಕ್ಕೆ ಕಾಗದ ಹೋಗುತ್ತದೆ. ಇಪ್ಪತ್ತೆರಡು ವರ್ಷದ ಶಿಕ್ಷಕರು ನೆಗಡಿ ಮುಚ್ಚಿಟ್ಟು, ಹೊಸ ವಿದ್ಯಾರ್ಥಿನಿಯನ್ನು ತಳದಲ್ಲಿ ಒಬ್ಬಳನ್ನೇ ಬಿಟ್ಟು

ಇಲ್ಲಿಗೆ ನಿಲ್ಲಿಸುತ್ತೇನೆ. ಆದರೆ ಹರಿದು ಹಾಕುವುದಿಲ್ಲ, ಅಂಚೆಗೆ ಹಾಕುತ್ತೇನೆ. ಮೇಷ್ಟ್ರೇ, ನನ್ನ ಬಳಿ ಬೇರೇನೂ ಉಳಿದಿಲ್ಲ.

ಕಕ್ಷಿದಾರಳು ಮತ್ತು ವಕೀಲಳು,
ಕಪಿ


ಮಾರ್ಚ್ 30

ಕಪಿ,

ಏಳು ದಿನ ಆಯಿತು. ಸಂಘಕ್ಕೆ ಬರೆದೆಯೋ ಇಲ್ಲವೋ ನನಗೆ ಗೊತ್ತಿಲ್ಲ. ಬರೆದಿದ್ದರೆ ನಮ್ಮ ಶಾಲೆ ಮುಚ್ಚುತ್ತದೆ, ಅಷ್ಟೇ. ಹಬೆಯ ವಿಷಯ ನಾನು ಹೇಳಿದ್ದು ನಿನ್ನ ಮನಸ್ಸು ಹಗುರಾಗಲಿ ಎಂದು. ಅದನ್ನು ಕತ್ತಿ ಮಾಡಿಕೊ ಎಂದಲ್ಲ.

ಅವರು ನಿನ್ನ ನೋಟಿಸು ಓದಿ ಬೈಯಲಿಲ್ಲ. ನನ್ನನ್ನೂ ಬೈಯಲಿಲ್ಲ. ಎದ್ದು ಗಾಳಿ ತುಂಬುವ ಕಂಪ್ರೆಸರ್ ಕೋಣೆಗೆ ಹೋಗಿ ಖಾಲಿ ಸಿಲಿಂಡರ್ ಮೇಲೆ ಕೂತರು. ಊಟಕ್ಕೆ ಕರೆದರೆ ಬರಲಿಲ್ಲ. ಹೋಗಿ ನೋಡಿದರೆ ನಿನ್ನ ಡೈವ್ ಲೆಕ್ಕದ ಪುಸ್ತಕ ತೊಡೆಯ ಮೇಲೆ ಇತ್ತು. ಎರಡು ಪುಟ ತಿರುಗಿಸುತ್ತಾರೆ, ವಾಪಸ್ ಬರುತ್ತಾರೆ, ಮತ್ತೆ ತಿರುಗಿಸುತ್ತಾರೆ. ಏನ್ರೀ ಅದು ಎಂದರೆ, “ಲೆಕ್ಕ ಸರಿಯಾಗಿಯೇ ಇದೆ” ಎಂದರು. ನನಗೇನು ತಿಳಿಯುತ್ತೆ?

ಒಂದು ಮಾತು ಕೇಳುತ್ತೇನೆ. ನಾನು ಓದಿದವಳಲ್ಲ, ಮುಳುಗಿದವಳೂ ಅಲ್ಲ. ಆ ದಿನ ದೋಣಿ ಜೆಟ್ಟಿಗೆ ಬಂದಾಗ ನಿನಗೆ ಟವೆಲ್ ಹೊದಿಸಿದವಳು ನಾನು. ನೀನು ನಗುತ್ತಿದ್ದೆ. ಜೋರಾಗಿ ನಗುತ್ತಿದ್ದೆ. ಹಲ್ಲು ಕಟಕಟ ಎನ್ನುತ್ತಿತ್ತು. ಆವತ್ತು ಬಿಸಿಲು ಹೇಗಿತ್ತೆಂದರೆ ಜೆಟ್ಟಿಯ ಹಲಗೆಯ ಮೇಲೆ ಬರಿಗಾಲು ಇಡಲು ಆಗುತ್ತಿರಲಿಲ್ಲ.

ಯಾಕೆ ನಡುಗುತ್ತಿದ್ದೆ?

ನನಗೆ ಹೇಳಬೇಕಾಗಿಲ್ಲ.

ಮೇಷ್ಟ್ರ ಮನೆಯವಳು


ಏಪ್ರಿಲ್ 2

ಮೇಷ್ಟ್ರಿಗೆ,

ಸಂಘಕ್ಕೆ ನಾನು ಬರೆದಿಲ್ಲ. ಬರೆಯುವುದೂ ಇಲ್ಲ. ವಿಳಾಸ ಹರಿದು ಹಾಕಿದೆ. ಅದನ್ನು ಮೊದಲು ಹೇಳಿಬಿಡುತ್ತೇನೆ, ಮುಂದಿನದನ್ನು ಓದುವಾಗ ತಾವು ಹೆದರಿಕೊಂಡು ಓದಬಾರದು.

ಇದಕ್ಕೆ ವಿಷಯ, ಉಲ್ಲೇಖ ಹಾಕಲು ಕೂತೆ. ಬರಲಿಲ್ಲ.

ಅದು ತಮಾಷೆ ಆಗಿರಲಿಲ್ಲ.

ತಾವು ಗುಮಾಸ್ತರ ಹತ್ತಿರ ಮೇಲಕ್ಕೆ ಹೋದಿರಿ. ನಾನು ಹಗ್ಗ ಹಿಡಿದು ಕೂತಿದ್ದೆ. ಕಣ್ಣು ಮೂಗು ಮುಚ್ಚುವ ಮಾಸ್ಕಿನ ಅಂಚಿನಲ್ಲಿ ಕೂದಲು ಸಿಕ್ಕಿಕೊಂಡಿತ್ತೋ ಏನೋ, ನೀರು ಒಳಗೆ ಬರತೊಡಗಿತು. ಮೂಗಿನ ತನಕ ಬಂತು. ಮೂಗಿನಿಂದ ಊದಿ ಹೊರಗೆ ಹಾಕಬೇಕು ಎಂದು ಕಲಿಸಿದ್ದೀರಿ, ಈಜುಕೊಳದಲ್ಲಿ ಇಪ್ಪತ್ತು ಸಲ ಮಾಡಿದ್ದೇನೆ, ಮಾಡುವಾಗ ಮೀನಿನ ಹಾಗೆ ಬಾಯಿ ಮಾಡಿ ಎಲ್ಲರನ್ನೂ ನಗಿಸಿದ್ದೇನೆ. ಅಲ್ಲಿ ಆಗಲಿಲ್ಲ. ಊದುವ ಬದಲು ಎಳೆದುಕೊಂಡೆ. ಉಪ್ಪು ನೀರು ಗಂಟಲಿಗೆ ಇಳಿಯಿತು. ಬಾಯಲ್ಲಿ ರೆಗ್ಯುಲೇಟರ್ ಇತ್ತು, ಅದರಲ್ಲಿ ಗಾಳಿ ಇತ್ತು, ಆದರೆ ನನ್ನ ಎದೆ ಅದನ್ನು ತೆಗೆದುಕೊಳ್ಳಲಿಲ್ಲ. ಕಣ್ಣಿಗೆ ಎಲ್ಲ ಹಸಿರು ಹಸಿರು. ಸತ್ತೆ ಅಂದುಕೊಂಡೆ. ಆಗ ಕೈ ಎಳೆದೆ. ಗಾಳಿ ಇಲ್ಲ ಎಂದೇ ನನಗೆ ಅನ್ನಿಸಿತ್ತು. ಕೈ ಸುಳ್ಳು ಹೇಳಲಿಲ್ಲ ಮೇಷ್ಟ್ರೇ. ಸುಳ್ಳು ಹೇಳಿದ್ದು ಬಾಯಿ, ದೋಣಿ ಹತ್ತಿದ ಮೇಲೆ.

ಯಾಕೆಂದರೆ ದೋಣಿಯಲ್ಲಿ ದೋಣಿಯವನು ನನ್ನ ಗಾಳಿಯ ಮೀಟರ್ ನೋಡಿ, “ಅಯ್ಯೋ, ಇಷ್ಟೊಂದು ಗಾಳಿ ಇದೆಯಲ್ಲಮ್ಮ!” ಎಂದ. ಎಲ್ಲರೂ ನನ್ನ ಮುಖ ನೋಡಿದರು. ಗಾಳಿ ಇಟ್ಟುಕೊಂಡು ಗಾಳಿ ಇಲ್ಲ ಎಂದವಳು ಅಂದರೆ ಪುಕ್ಕಲಿ. ಪುಕ್ಕಲಿಗೆ ಕಾರ್ಡಿಲ್ಲ, ಹಡಗಿಲ್ಲ. ಕಪಿಯಾದರೆ ಹೆಚ್ಚೆಂದರೆ ಮೂವತ್ತು ಸಿಲಿಂಡರ್ ತೊಳೆಯಬೇಕು. ಕಪಿಯಾಗಿರುವುದು ನನಗೆ ಅಭ್ಯಾಸವಾಗಿದೆ. ಬಾಯಿಗೆ ಅದೇ ಬಂತು. ಬಂದಮೇಲೆ ತಮ್ಮ ಕಿವಿಯ ರಕ್ತ ನೋಡಿದೆ. ಅಷ್ಟು ಹೊತ್ತಿಗೆ ಗುಮಾಸ್ತರು ನಕ್ಕಾಗಿತ್ತು.

ಇಷ್ಟು ದಿನ ಹೇಳದೆ ಇದ್ದದ್ದು ಯಾಕೆಂದರೆ, ತಮಾಷೆ ಎಂದರೆ ತಾವು ಕ್ಷಮಿಸುವುದಿಲ್ಲ, ನಿಜ ಹೇಳಿದರೆ ಯಾರೂ ನನ್ನನ್ನು ನೀರಿಗಿಳಿಸುವುದಿಲ್ಲ. ಎರಡರಲ್ಲಿ ಯಾವ ಕಡೆ ತಿರುಗಿದರೂ ಗೋಡೆ.

ಇನ್ನೂ ಒಂದಿದೆ. ಆವತ್ತಿನಿಂದ ಬಕೆಟ್ಟಿನ ನೀರಿಗೆ ಮುಖ ಅದ್ದಲು ನನಗೆ ಆಗುತ್ತಿಲ್ಲ. ದಿನಾ ಬೆಳಿಗ್ಗೆ ಅದರ ಮುಂದೆ ಕೂರುತ್ತೇನೆ. ಮೂಗು ನೀರಿಗೆ ತಾಗಿದ ಕೂಡಲೇ ಎದ್ದು ನಿಲ್ಲುತ್ತೇನೆ. ನಿನ್ನೆ ಬಕೆಟ್ಟನ್ನು ಒದ್ದುಬಿಟ್ಟೆ. ಕೋಣೆ ಎಲ್ಲ ನೀರು. ಕೆಳಗಿನ ಮನೆಯವರು ಮೇಲೆ ಬಂದು, “ಏನಮ್ಮಾ, ಮನೇಲೇ ಸಮುದ್ರ ಮಾಡ್ಕೊಂಡಿದ್ದೀಯಾ?” ಎಂದರು. ಒಳ್ಳೆಯ ಜೋಕು. ನನಗೆ ಅಳು ಬಂತು.

ಹದಿನೆಂಟು ದಿನ ಉಳಿದಿವೆ. ಮೇಷ್ಟ್ರೇ, ನಾನೀಗ ಸಹಿ ಕೇಳುತ್ತಿಲ್ಲ. ಏನು ಕೇಳುತ್ತಿದ್ದೇನೆ ಎಂದು ನನಗೇ ಗೊತ್ತಾಗುತ್ತಿಲ್ಲ.

ಕಿವಿಗೆ ಕ್ಷಮಿಸಿ. ನೋಟಿಸಿಗೆ ಇನ್ನೂ ಹೆಚ್ಚು ಕ್ಷಮಿಸಿ.

ನಿಮ್ಮ ವಿದ್ಯಾರ್ಥಿನಿ


ಏಪ್ರಿಲ್ 7

ಕಪಿ,

ನನಗೆ ಗೊತ್ತಿತ್ತು.

ನಿನ್ನ ಮೂರನೇ ಡೈವ್: ಹದಿನೆಂಟು ನಿಮಿಷ, ಗಾಳಿಯ ಮೀಟರಿನಲ್ಲಿ ಎಪ್ಪತ್ತು ಇಳಿದಿತ್ತು. ನಾಲ್ಕನೆಯದು: ಅದೇ ಆಳ, ಹನ್ನೊಂದು ನಿಮಿಷ, ತೊಂಬತ್ತೈದು. ತಮಾಷೆ ಮಾಡುವವಳು ಹಾಗೆ ಉಸಿರಾಡುವುದಿಲ್ಲ. ಬೆನ್ನಟ್ಟಿಸಿಕೊಂಡ ಪ್ರಾಣಿ ಉಸಿರಾಡಿದ ಹಾಗೆ ಉಸಿರಾಡಿದ್ದೀಯ. ಮಾಸ್ಕಿಗೆ ನೀರು ಬರುವ ಮೊದಲೇ, ಇಳಿದ ಮೊದಲ ನಿಮಿಷದಿಂದಲೇ ನಿನಗೆ ಭಯವಿತ್ತು. ಆ ಎರಡು ಅಂಕಿಗಳನ್ನು ಪುಸ್ತಕದಲ್ಲಿ ಬರೆದವನು ನಾನೇ. ಫೆಬ್ರವರಿ 26ರ ಸಂಜೆಯೇ ನೋಡಿದೆ.

ನೋಡಿಯೂ ಯಾಕೆ ಸುಮ್ಮನಿದ್ದೆ ಎಂದು ಕೇಳುತ್ತೀಯ. ನೀನು ಕೇಳದಿದ್ದರೂ ಮನೆಯವಳು ದಿನಾ ಕೇಳುತ್ತಾಳೆ, ಬಾಯಿ ಬಿಡದೆ.

ನೀನು ತಮಾಷೆ ಮಾಡಿದ್ದಾದರೆ ನನ್ನ ಕಿವಿ ಹಾಳಾದದ್ದು ನಿನ್ನಿಂದ. ನೀನು ನಿಜವಾಗಿ ಕರೆದಿದ್ದಾದರೆ, ನೆಗಡಿ ಇಟ್ಟುಕೊಂಡು ನೀರಿಗಿಳಿದು, ಹೊಸಬಳನ್ನು ತಳದಲ್ಲಿ ಒಂಟಿ ಬಿಟ್ಟು ಮೇಲೆ ಹೋದವನು ನಾನು. ಗುಮಾಸ್ತನನ್ನು ದೋಣಿಗೆ ಹತ್ತಿಸಿ, ನಿನ್ನನ್ನೂ ಜೊತೆಗೇ ಮೇಲೆ ತರಬೇಕಿತ್ತು. ಒಂದು ದಿನದ ಪಾಠ ಹಾಳಾಗುತ್ತಿತ್ತು, ಅಷ್ಟೇ. ನಿನ್ನ ಸುಳ್ಳು ನನಗೆ ಬೇಕಾಗಿತ್ತು, ಕಪಿ. ದೋಣಿಯಲ್ಲಿ ನೀನು ನಕ್ಕಾಗ ನನಗೆ ಮೊದಲು ಬಂದದ್ದು ಸಿಟ್ಟಲ್ಲ. ಸದ್ಯ, ಬಚಾವಾದೆ ಅನ್ನಿಸಿತು. ಸಿಟ್ಟನ್ನು ಆಮೇಲೆ ಜೋಡಿಸಿಕೊಂಡೆ.

‘ಬೇರೆ ಏನಾದರೂ ಹೇಳುವುದಿದ್ದರೆ ಬರೆ’ ಎಂದು ಬರೆದಾಗ, ನೀನು ಬರೆಯಬಾರದು ಎಂದು ಒಳಗೆ ಬೇಡಿಕೊಳ್ಳುತ್ತಿದ್ದೆ. ಇಪ್ಪತ್ತಮೂರರ ಹುಡುಗಿ ಮೊದಲು ಬಾಯಿಬಿಟ್ಟಳು, ಐವತ್ತೆರಡರ ನಾನಲ್ಲ.

ಡಾಕ್ಟರು ಇನ್ನೂ ಒಂದು ತಿಂಗಳು ನೀರು ಬೇಡ ಎನ್ನುತ್ತಾರೆ. ನಿನ್ನ ಹಡಗಿಗೆ ಅಷ್ಟು ಪುರುಸೊತ್ತಿಲ್ಲ. ಜೊತೆಗೆ ನಿನ್ನ ಡೈವ್ ಪುಸ್ತಕವನ್ನೂ ಆಚೆ ದಡದವಳಿಗೆ ಒಂದು ಕಾಗದವನ್ನೂ ಇಟ್ಟಿದ್ದೇನೆ. ಲಕೋಟೆ ಅಂಟಿಸಿಲ್ಲ. ಓದು. ಕೊಡಬೇಕು ಅನ್ನಿಸಿದರೆ ಕೊಡು, ಬೇಡ ಅನ್ನಿಸಿದರೆ ಹರಿದು ಹಾಕು. ಇದಕ್ಕಿಂತ ಚೆಂದದ ಕಾಗದ ಬರೆಯಲು ನನಗೆ ಆಗುವುದಿಲ್ಲ. ಇದರ ಒಂದು ಪ್ರತಿ ಸಂಘಕ್ಕೂ ಹೋಗಿದೆ. ನೀನು ಕಳಿಸದ್ದನ್ನು ನಾನು ಕಳಿಸಿದೆ.

ನಿನ್ನ ಶಿಕ್ಷಕ


(ಜೊತೆಗಿದ್ದ ಕಾಗದ)

ಏಪ್ರಿಲ್ 7

ಗೆಳತಿ,

ಈ ಕಾಗದ ತರುವವಳು ನನ್ನ ವಿದ್ಯಾರ್ಥಿನಿ. ನೀನು ಕೇಳಿರುವ ಕಥೆ ಸುಳ್ಳು. ಅವಳು ‘ಗಾಳಿ ಇಲ್ಲ’ ಎಂದು ತಮಾಷೆ ಮಾಡಲಿಲ್ಲ. ಹನ್ನೆರಡು ಮೀಟರಿನಲ್ಲಿ ಮಾಸ್ಕಿಗೆ ನೀರು ನುಗ್ಗಿ ಗಾಬರಿಯಾದಳು, ಸರಿಯಾದ ಸನ್ನೆ ಮಾಡಿದಳು, ಬಾಯಿಂದ ರೆಗ್ಯುಲೇಟರ್ ತೆಗೆಯಲಿಲ್ಲ, ಮೇಲಕ್ಕೆ ಹಾರಲಿಲ್ಲ, ನಾನು ಬರುವವರೆಗೆ ಹಗ್ಗ ಬಿಡಲಿಲ್ಲ. ಆಮೇಲೆ ನಾಚಿಕೆಯಿಂದ ಸುಳ್ಳು ಹೇಳಿದಳು. ಅದನ್ನು ನಾನು ತಿಳಿದೂ ತಿದ್ದಲಿಲ್ಲ.

ಆ ದಿನ ನನಗೆ ನೆಗಡಿ ಇತ್ತು. ಅವಳನ್ನು ತಳದಲ್ಲಿ ಒಬ್ಬಳನ್ನೇ ಬಿಟ್ಟಿದ್ದೆ. ಕಿವಿ ಹೋದದ್ದು ಅದರಿಂದ, ಅವಳಿಂದ ಅಲ್ಲ.

ಈಗ ಅವಳಿಗೆ ನೀರೆಂದರೆ ಭಯ. ಬಕೆಟ್ಟಿಗೂ ಮುಖ ಇಡಲಾರಳು. ಕಾರ್ಡು ಕೊಡು ಎಂದು ನಾನು ಹೇಳುವುದಿಲ್ಲ. ಸೊಂಟದ ನೀರಿನಿಂದ ಶುರು ಮಾಡು. ಆಗದಿದ್ದರೆ ಆಗಲಿಲ್ಲ ಎಂದು ಅವಳ ಮುಖದ ಮೇಲೆಯೇ ಹೇಳು, ಸಕ್ಕರೆ ಸವರಬೇಡ.

ತಮಾಷೆ ಮಾಡುತ್ತಾಳೆ. ಮಾಡಿದಾಗಲೆಲ್ಲ ಅವಳ ಮೀಟರ್ ನೋಡು.

ನಿನ್ನ ಹಳೆಯ ಸಹಪಾಠಿ


ಏಪ್ರಿಲ್ 24

ಮೇಷ್ಟ್ರಿಗೆ, ನಮಸ್ಕಾರಗಳು.

ಕಾಗದವನ್ನು ಬಸ್ಸಿನಲ್ಲಿ ಆರು ಸಲ ಓದಿದೆ. ಹರಿದು ಹಾಕಲು ಎರಡು ಸಲ ಕೈ ಹೋಯಿತು. ‘ಬಕೆಟ್ಟಿಗೂ ಮುಖ ಇಡಲಾರಳು’ ಎಂಬ ಸಾಲಿನ ಮೇಲೆ ಬೆರಳಿಟ್ಟು ಮುಚ್ಚಿಕೊಂಡೇ ಆಚೆ ದಡದ ಮೇಡಂ ಕೈಗೆ ಕೊಟ್ಟೆ. ಅವರು ನನ್ನ ಬೆರಳು ಎತ್ತಿ ಪಕ್ಕಕ್ಕಿಟ್ಟು ಓದಿದರು.

“ಈಗಲೂ ಭಯ ಇದೆಯಾ?” ಎಂದರು.

ನಾಲಿಗೆಯ ತುದಿಗೆ ಒಂದು ಜೋಕು ಬಂದಿತ್ತು. ಒಳ್ಳೆಯದೇ ಇತ್ತು, ಇನ್ನೊಂದು ದಿನ ಹೇಳುತ್ತೇನೆ. ನುಂಗಿಕೊಂಡೆ.

“ಇದೆ ಮೇಡಂ.”

“ಹಾಗಾದ್ರೆ ಸೂಟು ಹಾಕ್ಕೊ.”

ಮೊದಲ ಮೂರು ದಿನ ಸೊಂಟದ ನೀರಿನಲ್ಲಿ ನಿಲ್ಲಿಸಿದರು. ಮುಖ ಅದ್ದುವುದು, ಎದ್ದೇಳುವುದು. ಎದ್ದಾಗಲೆಲ್ಲ ನನ್ನ ಮೂಗಿನಿಂದ ಏನೇನು ಸುರಿಯುತ್ತಿತ್ತು ಎಂದು ಬರೆದರೆ ಅಮ್ಮ ಊಟ ಬಿಡುತ್ತಾರೆ. ಈಜು ಕಲಿಯಲು ಬಂದ ಚಿಕ್ಕ ಮಕ್ಕಳು ದಡದಲ್ಲಿ ಕೂತು ನನ್ನನ್ನು ಎಣಿಸುತ್ತಿದ್ದರು. “ಇಪ್ಪತ್ತೇಳು! ಮತ್ತೆ ಹೆದರಿದ್ಲು!” ಐದನೇ ದಿನ ಮಾಸ್ಕ್ ಪೂರ್ತಿ ತೆಗೆದು ನೀರಿನ ಕೆಳಗೆ ಹತ್ತು ಉಸಿರು ತೆಗೆದುಕೊಂಡೆ. ಆರನೇ ದಿನ ನಾಲ್ಕು ಉಸಿರಿಗೇ ಎದ್ದುಬಿಟ್ಟೆ. ಹೀಗೆ ಮುಂದಕ್ಕೆ ಒಂದು ಹೆಜ್ಜೆ, ಹಿಂದಕ್ಕೆ ಎರಡು.

20ನೇ ತಾರೀಕು ಬೆಳಿಗ್ಗೆ ಹತ್ತು ಗಂಟೆಗೆ ಹಡಗು ಹೊರಟಿತು. ನನಗೆ ಕಾಣಿಸಲಿಲ್ಲ, ಶಬ್ದ ಕೇಳಿಸಿತು. ಆಗ ನಾನು ಮೂರು ಮೀಟರ್ ಕೆಳಗೆ ಮಾಸ್ಕ್ ಇಲ್ಲದೆ ಕಣ್ಣು ಮುಚ್ಚಿ ಕೂತಿದ್ದೆ. ಅದರ ಯಂತ್ರದ ಗುಡುಗುಡು ನನ್ನ ಎದೆಯೊಳಗೇ ಹಾದು ಹೋದ ಹಾಗಾಯಿತು. ಮೇಡಂ ನನ್ನ ಕೈ ಹಿಡಿದಿದ್ದರು. ಮೇಲೆ ಬಂದಾಗ, “ನೀನು ಈಗಲೇ ಅಳೋದಾದ್ರೆ ಮಾಸ್ಕ್ ಹಾಕ್ಕೊಂಡು ಅಳು, ಹೊರಗೆ ಊದೋದು ಅಭ್ಯಾಸ ಆಗುತ್ತೆ” ಎಂದರು. ತಮ್ಮ ಸಹಪಾಠಿಯೇ, ಅನುಮಾನವಿಲ್ಲ.

ಅಪ್ಪನಿಗೆ ಫೋನ್ ಮಾಡಿ ಹೇಳಿದೆ. ಹಡಗು ಹೋಯಿತು, ನಾನು ಹೋಗಲಿಲ್ಲ, ಭಯವಾಗಿ ಹೋಗಲಿಲ್ಲ ಎಂದು. ಅಂಗಡಿಯ ಗಡಿಯಾರಗಳೆಲ್ಲ ಒಟ್ಟಿಗೆ ಕೇಳಿಸುತ್ತಿದ್ದವು. ಆಮೇಲೆ, “ಊಟ ಮಾಡಿದ್ಯಾ?” ಎಂದರು. ಗಾಜು ಒರೆಸಿಕೊಂಡರೋ ಇಲ್ಲವೋ ಫೋನಿನಲ್ಲಿ ಕಾಣುವುದಿಲ್ಲವಲ್ಲ.

ಮುಂದಿನ ಹಡಗು ಯಾವಾಗಲೋ, ನನ್ನನ್ನು ಕರೆಯುತ್ತಾರೋ ಇಲ್ಲವೋ ತಿಳಿಯದು. ನಿನ್ನೆ ಮೇಡಂ ಜೊತೆ ಹನ್ನೆರಡು ಮೀಟರಿಗೆ ಇಳಿದೆ. ಒಂಬತ್ತರಲ್ಲಿ ಭಯ ಬಂತು. ನಿಲ್ಲಿ ಎಂದು ಕೈ ತೋರಿಸಿದೆ. ನಿಂತರು. ಕಾದರು. ಆಮೇಲೆ ನಾನೇ ಇಳಿಯೋಣ ಎಂದು ಕೈ ಮಾಡಿದೆ. ಮೇಲೆ ಬಂದ ಮೇಲೆ ಪುಸ್ತಕ ಮುಂದೆ ಇಟ್ಟರೆ ಅವರು ಸಹಿ ಹಾಕಲಿಲ್ಲ. “ಇದು ನಿನ್ನ ಮೇಷ್ಟ್ರು ಶುರು ಮಾಡಿದ ಪುಸ್ತಕ. ಅವರು ಎದ್ದು ಬರಲಿ” ಎಂದರು.

ಸಂಘದವರು ಏನೆಂದರು? ಅಮ್ಮ ಬರೆಯಲಿಲ್ಲ. ಕೇಳಲು ನನಗೆ ಧೈರ್ಯವಿರಲಿಲ್ಲ, ಆದರೂ ಕೇಳುತ್ತಿದ್ದೇನೆ.

ಕಿವಿಯಲ್ಲಿ ಕುಕ್ಕರ್ ನಿಂತಿತೇ?

ಇಂತಿ ತಮ್ಮ,
ಕಪಿ


ಮೇ 11

ಕಪಿ,

ಸಂಘದವರು ಮೂರು ತಿಂಗಳು ಕಲಿಸಬಾರದು ಎಂದಿದ್ದಾರೆ. ನ್ಯಾಯವೇ. ಸ್ವಂತಕ್ಕೆ ಇಳಿಯಲು ಅಡ್ಡಿಯಿಲ್ಲ. ಡಾಕ್ಟರು ತಮಟೆ ಕೂಡಿಕೊಂಡಿದೆ, ಇಳಿಯಬಹುದು ಎಂದು ನಾಲ್ಕು ದಿನದ ಹಿಂದೆ ಬರೆದುಕೊಟ್ಟರು.

ಈ ನಾಲ್ಕು ದಿನವೂ ಬೆಳಿಗ್ಗೆ ಸೂಟು ಹಾಕಿಕೊಂಡು ಜೆಟ್ಟಿಯ ತುದಿಯವರೆಗೆ ಹೋಗಿದ್ದೇನೆ. ನಾಲ್ಕು ದಿನವೂ ವಾಪಸ್ ಬಂದಿದ್ದೇನೆ. ಮೊದಲ ದಿನ ಅಲೆ ಹೆಚ್ಚು ಎಂದು ಮನೆಯವಳಿಗೆ ಹೇಳಿದೆ. ಎರಡನೇ ದಿನ ನೀರು ಕಲಕಿದೆ ಎಂದೆ. ಮೂರನೇ ದಿನ ಫಿನ್ನಿನ ಪಟ್ಟಿ ಸಡಿಲ ಎಂದೆ. ಅವಳು ಹೂಂ ಎಂದಳು. ಇವತ್ತು ಏನೂ ಹೇಳಲು ಹೊಳೆಯಲಿಲ್ಲ.

ನನಗೆ ಭಯವಾಗುತ್ತಿದೆ, ಕಪಿ. ತಲೆ ನೀರಿನ ಕೆಳಗೆ ಹೋದ ಕೂಡಲೇ ಆ ಕಿವಿ ಮತ್ತೆ ಹರಿಯುತ್ತದೆ ಅನ್ನಿಸುತ್ತದೆ. ಇದನ್ನು ಯಾರಿಗೂ ಹೇಳಿಲ್ಲ. ಹೇಳುವುದು ಹೇಗೆ ಎಂದೂ ಗೊತ್ತಿರಲಿಲ್ಲ. ನಿನ್ನ ಪತ್ರ ನೋಡಿಕೊಂಡು ಬರೆಯುತ್ತಿದ್ದೇನೆ.

ಸೋಮವಾರ ಬೆಳಿಗ್ಗೆ ಬಾ. ಆಚೆ ದಡದವಳನ್ನೂ ಕರೆದುಕೊಂಡು ಬಾ, ಪಾಠ ಅವಳದು, ಸಹಿಯೂ ಅವಳೇ ಹಾಕಲಿ. ಗೇಟಿನವನಿಗೆ ಹೇಳಿದ್ದೇನೆ.

ಸೊಂಟದ ನೀರಿನಿಂದ ಶುರು ಮಾಡೋಣ. ನೀನು ಮೊದಲು ಇಳಿ. ನಾನು ನಿನ್ನ ಕೈ ನೋಡುತ್ತಿರುತ್ತೇನೆ.

ಮೇಷ್ಟ್ರು